ಹೊರದೇಶದಲ್ಲಿ ಎಸ್ಕೇಪ್ ರೂಮ್ ಆಡೋದು ಹೇಗೆ?

ಎಸ್ಕೇಪ್ ರೂಮ್ ಅಂದ್ರೆ ನಿಮ್ಮ ಗುಂಪನ್ನ ಒಂದು ರೂಮೊಳಗೆ ಬಿಡ್ತಾರೆ, ಅಲ್ಲಿ ಬೀಗ ಹಾಕಿರೋ ಪೆಟ್ಟಿಗೆಗಳು, ಗೋಡೆ ಮೇಲೆ ಇಳೀತಾ ಹೋಗೋ ಟೈಮರ್, ಸಾಮಾನ್ಯವಾಗಿ 60 ನಿಮಿಷದೊಳಗೆ ಸುಳಿವು ಹುಡುಕಿ ಆಚೆ ಬರ್ಬೇಕು, ಆಟ ಇಷ್ಟೇ. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ಶುರುವಾಗಿದ್ದು, 2011ರಲ್ಲಿ ಬುಡಾಪೆಸ್ಟ್‌ನಲ್ಲೂ ಒಂದು ತೆರೀತು, ಈಗ ದೊಡ್ಡ ಟೂರಿಸ್ಟ್ ಊರುಗಳಲ್ಲೆಲ್ಲ ಸಿಗತ್ತೆ. ಮಳೆ ಬಂದು ಊರು ಸುತ್ತೋಕಾಗದ ಸಂಜೆಗೆ ಇದಕ್ಕಿಂತ ಒಳ್ಳೇದು ನನಗಂತೂ ಗೊತ್ತಿಲ್ಲ.

ಬುಕ್ ಮಾಡೋಕೆ ಮುಂಚೆ ಭಾಷೆ ವಿಚಾರಿಸಿ. ವೆಬ್‌ಸೈಟ್ ಇಂಗ್ಲಿಷಲ್ಲಿ ಇದೆ ಅಂದ್ರೆ ರೂಮ್ ಒಳಗಿನ ಚೀಟಿ, ಆಡಿಯೋ ಎಲ್ಲಾ ಇಂಗ್ಲಿಷಲ್ಲೇ ಇರತ್ತೆ ಅಂತಲ್ಲ, ಅದಕ್ಕೆ ಒಂದು ಮೇಲ್ ಹಾಕಿ "ಪಜಲ್‌ಗಳೂ ಇಂಗ್ಲಿಷಲ್ಲೇ ಇದಾವಾ, ಸುಳಿವು ಕೊಡೋರಿಗೂ ಇಂಗ್ಲಿಷ್ ಬರತ್ತಾ" ಅಂತ ಎರಡನ್ನೂ ಕೇಳ್ಬಿಡಿ. ರೂಮ್ ನಿಮ್ಮ ಗುಂಪಿಗೆ ಮಾತ್ರಾನಾ ಅಂತಾನೂ ಕೇಳಿ, ಅಮೆರಿಕದ ಕೆಲವು ಕಡೆ ಸೀಟ್ ಖಾಲಿ ಇದ್ರೆ ಅಪರಿಚಿತರನ್ನೂ ಜೊತೆಗೆ ಸೇರಿಸ್ತಾರೆ. ವಿಮಾನ ಇಳಿದ ದಿನಾನೇ ಬುಕ್ ಮಾಡ್ಬೇಡಿ, ನಿದ್ದೆಗಣ್ಣಲ್ಲಿ ತಲೆ ಓಡಲ್ಲ.

ಹದಿನೈದು ನಿಮಿಷ ಮುಂಚೆ ಹೋಗಿ. ಒಳಗೆ ಹೋಗೋ ಮೊದಲು ಬಾಗಿಲು ನಿಜವಾಗ್ಲೂ ಲಾಕ್ ಆಗತ್ತಾ, ತುರ್ತಾಗಿ ಹೊರಗೆ ಬರೋಕೆ ಬಟನ್ ಎಲ್ಲಿದೆ ಅಂತ ತೋರಿಸೋಕೆ ಹೇಳಿ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ಊರಲ್ಲಿ ಎಸ್ಕೇಪ್ ರೂಮಿಗೆ ಬೆಂಕಿ ಬಿದ್ದು ಹದಿನೈದು ವರ್ಷದ ಐದು ಹುಡುಗೀರು ಹೊರಗೆ ಬರೋಕಾಗದೆ ತೀರ್ಕೊಂಡ್ರು. ರೂಮ್ ನಡೆಸೋರು ಸರಿಯಾಗಿ ಉತ್ತರ ಕೊಡ್ಲಿಲ್ಲ ಅಂದ್ರೆ ದುಡ್ಡು ಹೋದ್ರೂ ಪರವಾಗಿಲ್ಲ, ವಾಪಸ್ ಬಂದ್ಬಿಡಿ.

ಟೈಮರ್ ಶುರುವಾದ ತಕ್ಷಣ ಎಲ್ರೂ ಒಂದೇ ಪೆಟ್ಟಿಗೆ ಸುತ್ತ ನಿಲ್ಬೇಡಿ, ಹರಡ್ಕೊಳಿ, ಡ್ರಾಯರ್, ಪುಸ್ತಕದ ಹಿಂದೆ, ಕುರ್ಚಿ ಕೆಳಗೆ ಎಲ್ಲಾ ನೋಡಿ, ಕಂಡಿದ್ದನ್ನ ಜೋರಾಗಿ ಕೂಗಿ ಹೇಳಿ. ಗೆಲ್ಲೋ ತಂಡಕ್ಕೂ ಸೋಲೋ ತಂಡಕ್ಕೂ ಇರೋ ವ್ಯತ್ಯಾಸ ಹೆಚ್ಚಾಗಿ ಇದೇ: ಒಬ್ರ ಕೈಲಿ ನಾಲ್ಕು ಚಿಹ್ನೆ ಇರೋ ಕಾಗದ, ಇನ್ನೊಬ್ರ ಮುಂದೆ ಅದೇ ಚಿಹ್ನೆ ಇರೋ ಗೋಡೆ, ಇಬ್ರೂ ಸುಮ್ನಿದ್ರೆ ಹತ್ತು ನಿಮಿಷ ಹೋಯ್ತು. ಉಪಯೋಗಿಸಿ ಆದ ಕೀ, ಚೀಟಿಗಳನ್ನ ಒಂದು ಮೂಲೆಗೆ ಹಾಕ್ತಾ ಬನ್ನಿ.

ಅಂಕಿಗಳ ಮೇಲೆ ಗಮನ ಇರ್ಲಿ. 04/07 ಅಂದ್ರೆ ಅಮೆರಿಕದಲ್ಲಿ ಏಪ್ರಿಲ್ 7, ಯುರೋಪಿನ ಹೆಚ್ಚಿನ ಕಡೆ ಜುಲೈ 4. ಜರ್ಮನಿ, ಫ್ರಾನ್ಸ್ ಕಡೆ ಕೈಬರಹದಲ್ಲಿ 1ಕ್ಕೆ ಮೇಲಿಂದ ಉದ್ದ ಗೀಟು ಎಳೀತಾರೆ, ಥೇಟ್ ನಮ್ಮ ಕಣ್ಣಿಗೆ 7, ಅವರ 7ಕ್ಕೆ ನಡುವೆ ಅಡ್ಡಗೀಟು ಇರತ್ತೆ. ಕೋಡ್ ಸರಿ ಅನ್ಸಿಯೂ ಬೀಗ ತೆಗೀಲಿಲ್ಲ ಅಂದ್ರೆ ಇದನ್ನೊಮ್ಮೆ ಬದಲಾಯಿಸಿ ನೋಡಿ, ಬೀಗವನ್ನ ಮಾತ್ರ ಎಳ್ದಾಡ್ಬೇಡಿ.

ಐದು ನಿಮಿಷ ಒಂದೇ ಕಡೆ ಸಿಕ್ಕಾಕೊಂಡ್ರೆ ಸುಳಿವು ಕೇಳಿ, ಅದಕ್ಕೂ ಸೇರಿಸೇ ದುಡ್ಡು ಕೊಟ್ಟಿರೋದು. ಗೇಮ್ ಮಾಸ್ಟರ್, ಅಂದ್ರೆ ಹೊರಗಿಂದ ಆಟ ನಡೆಸೋರು, ಕ್ಯಾಮೆರಾದಲ್ಲಿ ನೋಡ್ತಾ ಮೈಕಲ್ಲಿ ನಿಮ್ಮ ಮಾತು ಕೇಳಿಸ್ಕೊಂಡು ಎಲ್ಲಿ ತಡವರಿಸ್ತಿದೀರಿ ಅಂತ ಅಂದಾಜು ಮಾಡ್ತಾರೆ, ನೀವು ಕನ್ನಡದಲ್ಲೇ ಮಾತಾಡ್ಕೊತಿದ್ರೆ ಅವರಿಗೆ ಏನೂ ತಿಳಿಯಲ್ಲ, ಹಾಗಾಗಿ ಏನೇನು ಟ್ರೈ ಮಾಡಿದ್ರಿ ಅಂತ ಇಂಗ್ಲಿಷಲ್ಲಿ ಒಂದು ಸಲ ಹೇಳಿ.

ಮುಗಿದ ಮೇಲೆ ಬಿಡಿಸೋಕಾಗದ ಪಜಲ್‌ಗಳನ್ನ ವಿವರಿಸಿ ಅಂತ ಕೇಳಿ, ಖುಷಿಯಿಂದ ತೋರಿಸ್ತಾರೆ. ಆ ಊರಲ್ಲಿ ಇನ್ಯಾವ ರೂಮ್ ಚೆನ್ನಾಗಿದೆ ಅಂತಾನೂ ಅವರನ್ನೇ ಕೇಳಿ, ಬೇರೆಯವರು ನಡೆಸೋದಾದ್ರೂ ಹೆಸರು ಹೇಳ್ತಾರೆ.