ಮೂಗು ಎಲ್ಲಿ, ಹೊಟ್ಟೆ ಎಲ್ಲಿ? ಪುಟ್ಟ ಮಕ್ಕಳಿಗೆ ಮೈಯ ಹೆಸರು ಕಲಿಸುವ ಬಗೆ

ಕಣ್ಣು, ಕಿವಿ, ಕೈ, ಕಾಲು, ಕೂದಲು, ಕೆನ್ನೆ, ಕುತ್ತಿಗೆ. ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಕನ್ನಡದಲ್ಲಿ ಮೈಯ ಭಾಗಗಳ ಹೆಸರು ಎಷ್ಟೊಂದು ‘ಕ’ದಿಂದಲೇ ಶುರುವಾಗುತ್ತವೆ! ದೊಡ್ಡವರ ಕಿವಿಗೆ ಇದು ಬೀಳುವುದೇ ಇಲ್ಲ. ಸದ್ದುಗಳನ್ನು ಈಗಷ್ಟೇ ಬಿಡಿಸಿಕೊಳ್ಳುತ್ತಿರುವ ಒಂದು ವರ್ಷದ ಕೂಸಿಗೆ ಮಾತ್ರ ಇದು ತೊಡಕು. ಕಣ್ಣು, ಕಿವಿ ಎರಡನ್ನೂ ಒಂದೇ ದಿನ ಕಲಿಸಹೊರಟರೆ ಎರಡೂ ಕಲಸಿಹೋಗುತ್ತವೆ. ‘ಕಿವಿ ತೋರಿಸು’ ಎಂದಾಗ ಬೆರಳು ಕಣ್ಣಿಗೆ ಹೋದರೆ ಮಗುವಿಗೆ ತಿಳಿಯಲಿಲ್ಲ ಎಂದುಕೊಳ್ಳುತ್ತೇವೆ. ಪದಗಳನ್ನು ನಾವು ಕೊಟ್ಟ ಸರದಿಯೇ ಸರಿಯಿರಲಿಲ್ಲ.

ಯಾವ ವಯಸ್ಸಿಗೆ ಎಷ್ಟು ಎಂಬುದನ್ನು ಮೊದಲೇ ತಿಳಿದಿದ್ದರೆ ಅವಸರ ಕಡಿಮೆಯಾಗುತ್ತದೆ. ಹುಟ್ಟಿದ ದಿನದಿಂದಲೇ ಹೆಸರು ಹೇಳುತ್ತಾ ಮಾತಾಡಬಹುದು. ವರ್ಷ ತುಂಬುವ ಹೊತ್ತಿಗೆ ದಿನವೂ ಕೇಳುವ ಕೆಲವು ಪದಗಳು ಮಗುವಿಗೆ ಅರ್ಥವಾಗತೊಡಗುತ್ತವೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಹಲವು ಮಕ್ಕಳು ಕೇಳಿದರೆ ಒಂದೆರಡು ಭಾಗ ಮುಟ್ಟಿ ತೋರಿಸುತ್ತಾರೆ. ಎರಡು ವರ್ಷಕ್ಕೆ ಕಡೇಪಕ್ಷ ಎರಡನ್ನು ತೋರಿಸಬೇಕು ಎಂಬುದು ಮಕ್ಕಳ ವೈದ್ಯರು ನೋಡುವ ಒಂದು ಗುರುತು. ಬಾಯಿಬಿಟ್ಟು ಹೇಳುವುದು ಇನ್ನೂ ನಿಧಾನ. ಅರ್ಥವಾಗುವುದಕ್ಕೂ ಹೇಳುವುದಕ್ಕೂ ನಡುವೆ ತಿಂಗಳುಗಟ್ಟಲೆ ಅಂತರವಿರುತ್ತದೆ. ಆದ್ದರಿಂದ ಮೊದಲ ಗುರಿ ತೋರಿಸುವುದು ಮಾತ್ರ, ಹೇಳಿಸುವುದಲ್ಲ.

ಮೊದಲು ಮೂರೇ ಪದ

ಮೂಗು, ಹೊಟ್ಟೆ, ಕೈ. ಈ ಮೂರರಿಂದ ಶುರುಮಾಡಿ. ಮೂರರ ಸದ್ದೂ ಒಂದಕ್ಕೊಂದು ದೂರ. ಮೂಗು ಮುಖದ ನಡುವೆ ಎದ್ದುನಿಂತಿದೆ, ಎರಡು ಬೆರಳಲ್ಲಿ ಹಿಡಿಯಬಹುದು. ಹೊಟ್ಟೆ ದೊಡ್ಡದು, ಬಗ್ಗಿದರೆ ಮಗುವಿಗೇ ಕಾಣುತ್ತದೆ, ಕಚಗುಳಿ ಇಟ್ಟರೆ ನಗು ಬರುತ್ತದೆ. ಕೈಯಂತೂ ಸದಾ ಅದರ ಕಣ್ಣೆದುರಿಗೇ ಆಡುತ್ತಿರುತ್ತದೆ.

ಬೇರೆ ಬೇರೆ ಹೊತ್ತಿನಲ್ಲಿ ಕೇಳಿದಾಗಲೂ ಮಗು ಈ ಮೂರನ್ನು ತಡಬಡಾಯಿಸದೆ ತೋರಿಸುವ ತನಕ ನಾಲ್ಕನೆಯದು ಬೇಡ. ಎರಡು ಮೂರು ವಾರ ಹಿಡಿಯಬಹುದು, ಹೆಚ್ಚೂ ಹಿಡಿಯಬಹುದು. ಆಮೇಲೆ ಬಾಯಿ, ತಲೆ, ಕಾಲು. ಕೈ ಗಟ್ಟಿಯಾದ ಮೇಲೆ ಕಾಲು ಬಂದರೆ ಗೊಂದಲ ಕಡಿಮೆ. ಅದಾದ ಮೇಲೆ ಕಣ್ಣು. ಕಣ್ಣು ಕೂತ ನಂತರವೇ ಕಿವಿ. ಹಲ್ಲು, ನಾಲಿಗೆಗಳನ್ನು ಬೇರೆ ಕಲಿಸಬೇಕಾಗಿಲ್ಲ, ಬೆಳಿಗ್ಗೆ ಹಲ್ಲುಜ್ಜುವಾಗ ತಾವಾಗಿಯೇ ಬರುತ್ತವೆ. ‘ನಾಲಿಗೆ’ ಎಂದು ಹೇಳುವುದು ಕಷ್ಟ, ನಾಲಿಗೆ ಚಾಚುವುದು ಎಲ್ಲ ಮಕ್ಕಳಿಗೂ ಇಷ್ಟ.

ಕಣ್ಣಿನ ವಿಷಯದಲ್ಲಿ ಒಂದು ಎಚ್ಚರಿಕೆ. ತೋರುಬೆರಳಿಂದ ಕಣ್ಣು ಮುಟ್ಟಿಸುವ ಅಭ್ಯಾಸ ಮಾಡಿಸಬೇಡಿ. ನಾಳೆ ಪಕ್ಕದ ಮನೆಯ ಕೂಸಿನ ‘ಕಣ್ಣು ತೋರಿಸುವಾಗ’ ಉಗುರು ತಾಗುತ್ತದೆ. ಕಣ್ಣು ಎಂದರೆ ಮಿಟುಕಿಸುವುದು ಅಥವಾ ಅಂಗೈಯಿಂದ ಮುಚ್ಚಿ ತೆಗೆಯುವುದು ಎಂದು ಕಲಿಸಿ. ಹೇಗೂ ಮಗುವಿನ ಉಗುರು ಆಗಾಗ ಕತ್ತರಿಸಬೇಕಲ್ಲ, ‘ಬೆರಳು’, ‘ಉಗುರು’ ಕಲಿಸಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಕೆಲಸದ ಜೊತೆಗೇ ಪದ

ಮಗುವನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡುವ ಅಗತ್ಯವೇ ಇಲ್ಲ. ಎಣ್ಣೆ ತೀಡುವುದು, ನೀರು ಹಾಕುವುದು, ಒರೆಸುವುದು, ಬಟ್ಟೆ ತೊಡಿಸುವುದು, ಊಟವಾದ ಮೇಲೆ ಬಾಯಿ ತೊಳೆಸುವುದು. ದಿನದ ಈ ಐದು ಹೊತ್ತಿನಲ್ಲಿ ನಿಮ್ಮ ಕೈ ಹೇಗೂ ಅದರ ಮೈಮೇಲಿರುತ್ತದೆ. ಪ್ರತಿ ಸಲ ಎರಡು ನಿಮಿಷ, ಒಂದೊಂದು ಪದ ಮೂರು ನಾಲ್ಕು ಬಾರಿ ಕಿವಿಗೆ ಬಿದ್ದರೆ ಸಾಕು. ಪದ ಹೇಳುವ ಗಳಿಗೆಯಲ್ಲೇ ಸ್ಪರ್ಶವೂ ಆಗಬೇಕು. ಮೂಗು ಒರೆಸಿ, ಬಟ್ಟೆ ಒಗೆಯಲು ಹಾಕಿ, ಆಮೇಲೆ ‘ಮೂಗು ಒರೆಸಿದೆ’ ಎಂದರೆ ಅಷ್ಟರಲ್ಲಿ ಮಗುವಿನ ಗಮನ ಬೇರೆಲ್ಲೋ ಹೋಗಿರುತ್ತದೆ.

ಇಲ್ಲಿ ನಮ್ಮ ಆಡುಮಾತು ಒಳ್ಳೆಯ ನೆರವು ಕೊಡುತ್ತದೆ. ಮನೆಯಲ್ಲಿ ಯಾರೂ ‘ಮೂಗನ್ನು ಒರೆಸೋಣ’ ಎನ್ನುವುದಿಲ್ಲ, ‘ಮೂಗು ಒರೆಸೋಣ’ ಎನ್ನುತ್ತೇವೆ. ‘ಕೈ ಕೊಡು’, ‘ಕಾಲು ಮಡಚು’, ‘ತಲೆ ಬಗ್ಗಿಸು’, ‘ಹೊಟ್ಟೆ ಒರೆಸೋಣ’. ಎಲ್ಲದರಲ್ಲೂ ಪದ ಪ್ರತ್ಯಯವಿಲ್ಲದೆ, ವಾಕ್ಯದ ಮೊದಲಲ್ಲೇ ನಿಲ್ಲುತ್ತದೆ. ‘ಮೂಗಿಗೆ’, ‘ಹೊಟ್ಟೇಲಿ’, ‘ತಲೇನ’ ಎಂದಾಗ ಪದದ ಬಾಲ ಬದಲಾಗುವುದರಿಂದ ಮೊದಮೊದಲು ಮೂಲರೂಪವೇ ಹೆಚ್ಚು ಕೇಳಲಿ. ಬಹುವಚನವೂ ಬೇಡ. ನಾವು ಹೇಳುವುದು ‘ಎರಡು ಕೈ’, ‘ಎರಡು ಕಣ್ಣು’. ಪುಸ್ತಕದ ‘ಕೈಗಳು, ಕಣ್ಣುಗಳು’ ಶಾಲೆಗೆ ಹೋದಮೇಲೆ ಬರಲಿ.

ದೃಷ್ಟಿಬೊಟ್ಟು ಇಡುವ ಮನೆಗಳಲ್ಲಿ ಕೆನ್ನೆ, ಹಣೆ, ಅಂಗಾಲು ಬೇಗ ಬರುತ್ತವೆ. ಕಾಲಿಗೆ ಗೆಜ್ಜೆ, ಕೈಗೆ ಬಳೆ ತೊಡಿಸುವಾಗಲೂ ಅಷ್ಟೇ. ಆದರೆ ಕಣ್ಣೊಳಗೆ ಕಾಡಿಗೆ, ಕಿವಿಯೊಳಗೆ, ಮೂಗಿನೊಳಗೆ ಎಣ್ಣೆ ಖಂಡಿತ ಬೇಡ. ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶವಿರುತ್ತದೆ, ಸೋಂಕೂ ತಗಲಬಹುದು.

ಕೇಳುವ ರೀತಿ

ಒಂದು ವಾರ ಬರೀ ಹೇಳುವುದು, ಆಮೇಲೆ ಕೇಳುವುದು. ಕೇಳುವಾಗ ‘ಮೂಗೆಲ್ಲಿ?’ ಎಂದು ಜೋಡಿಸಬೇಡಿ. ಸಂಧಿಯಾದಾಗ ಪದದ ಕೊನೆಯ ಸ್ವರ ಬಿದ್ದುಹೋಗಿ, ಮಗುವಿಗೆ ಗೊತ್ತಿದ್ದ ‘ಮೂಗು’ ಅಲ್ಲಿ ಕೇಳುವುದೇ ಇಲ್ಲ. ‘ಮೂಗು... ಎಲ್ಲಿ?’ ಎಂದು ನಡುವೆ ಚೂರು ನಿಲ್ಲಿಸಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರ ತನಕ ಎಣಿಸಿ, ಸುಮ್ಮನಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಸೆಕೆಂಡು ಕಳೆಯುವಷ್ಟರಲ್ಲಿ ‘ಎಲ್ಲಿ ಪುಟ್ಟಾ, ಎಲ್ಲಿ, ತೋರ್ಸು’ ಎಂದು ಮೇಲಿಂದ ಮೇಲೆ ಕೇಳಿ, ಕೈ ಎತ್ತಲು ಹೊರಟಿದ್ದ ಮಗುವನ್ನು ಗಲಿಬಿಲಿ ಮಾಡಿಬಿಡುತ್ತಾರೆ.

ತೋರಿಸದಿದ್ದರೆ ಅದರ ಕೈ ಹಿಡಿದು ಮೂಗಿನ ಮೇಲಿಟ್ಟು ‘ಇಲ್ಲಿದೆ ಮೂಗು’ ಎನ್ನಿ, ಮುಂದಕ್ಕೆ ಹೋಗಿ. ತಪ್ಪು ತೋರಿಸಿದರೆ ‘ಅದಲ್ಲ’ ಎನ್ನುವ ಬದಲು ಅದು ಮುಟ್ಟಿದ್ದಕ್ಕೆ ಹೆಸರು ಕೊಡಿ: ‘ಅದು ಬಾಯಿ. ಇದು ಮೂಗು.’ ನೆಂಟರೆದುರು ‘ಅತ್ತೆಗೆ ಮೂಗು ತೋರ್ಸು, ಮಾವನಿಗೆ ಕಿವಿ ತೋರ್ಸು’ ಎಂದು ಪರೀಕ್ಷೆ ನಡೆಸಿದರೆ ಗೊತ್ತಿರುವ ಮಗುವೂ ಮುಖ ತಿರುಗಿಸುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಹಾಗೆಯೇ ಯಾವಾಗಲೂ ಮೂಗು, ಬಾಯಿ, ತಲೆ ಎಂಬ ಒಂದೇ ಸರದಿಯಲ್ಲಿ ಕೇಳಿದರೆ ಮಗು ಪದವನ್ನು ಬಿಟ್ಟು ಸರದಿಯನ್ನು ಕಲಿತುಬಿಡುತ್ತದೆ. ನಿಜಕ್ಕೂ ಗೊತ್ತಿದೆಯೇ ಎಂದು ತಿಳಿಯಲು ಸರದಿ ಬದಲಿಸಿ, ಹೇಳುವಾಗ ಆ ಭಾಗವನ್ನು ನೀವು ನೋಡಬೇಡಿ. ಮಕ್ಕಳು ನಮ್ಮ ಕಣ್ಣನ್ನೇ ಓದುತ್ತಾರೆ.

ತನ್ನ ಮೈಯಿಂದ ಚಿತ್ರದ ತನಕ

ಗೋಡೆಗೆ ಅಂಗಾಂಗಗಳ ಚಾರ್ಟ್ ತೂಗುಹಾಕುವುದು ಕೊನೆಯ ಮೆಟ್ಟಿಲು. ಮೊದಲು ಮಗುವಿನದೇ ಮೂಗು, ಆಮೇಲೆ ಅಮ್ಮನ ಮೂಗು, ಅಜ್ಜನ ಮೂಗು, ಅನಂತರ ಗೊಂಬೆಯದು, ಹಸುವಿನದು, ನಾಯಿಯದು, ಕಡೆಗೆ ಚಿತ್ರದ್ದು. ಅಜ್ಜನ ಮೂಗಿಗೂ ಹಸುವಿನ ಮೂಗಿಗೂ ಒಂದೇ ಹೆಸರು ಎಂದು ಹೊಳೆದಾಗಲೇ ಪದ ನಿಜವಾಗಿ ದಕ್ಕಿದ್ದು.

ಕನ್ನಡಿ ಎಲ್ಲ ವಯಸ್ಸಿಗೂ ಆಟ. ಆದರೆ ಅದರೊಳಗಿರುವುದು ತಾನೇ ಎಂಬುದು ಮಕ್ಕಳಿಗೆ ಸಾಮಾನ್ಯವಾಗಿ 18ರಿಂದ 24 ತಿಂಗಳ ನಡುವೆ ತಿಳಿಯುತ್ತದೆ. ಗೊತ್ತಾಗದಂತೆ ಮೂಗಿನ ಮೇಲೆ ಕುಂಕುಮದ ಚುಕ್ಕೆ ಇಟ್ಟು ಕನ್ನಡಿ ಮುಂದೆ ನಿಲ್ಲಿಸಿ ನೋಡಿ. ಕನ್ನಡಿಯನ್ನು ಮುಟ್ಟಿದರೆ ಇನ್ನೂ ಸಮಯವಿದೆ. ತನ್ನ ಮೂಗನ್ನೇ ಮುಟ್ಟಿಕೊಂಡರೆ ಇನ್ನು ಕನ್ನಡಿಯಲ್ಲಿ ಹುಬ್ಬು, ರೆಪ್ಪೆ, ತುಟಿ ಎಲ್ಲ ಕಲಿಸಬಹುದು.

ಮೊಬೈಲಿನ ಹಾಡು ಈ ಕೆಲಸ ಮಾಡಲಾರದು. ಅದಕ್ಕೆ ಮಗುವನ್ನು ಮುಟ್ಟಲಾಗದು, ಉತ್ತರಕ್ಕೆ ಕಾಯಲಾಗದು. ಎರಡು ವರ್ಷದೊಳಗಿನವರಿಗೆ ಪರದೆ ಬೇಡವೆಂದೇ ಮಕ್ಕಳ ತಜ್ಞರ ಸಲಹೆ. ಊರಿನ ಅಜ್ಜಿಯ ಜೊತೆ ವಿಡಿಯೊ ಕರೆ ಬೇರೆ ಮಾತು. ಅಜ್ಜಿ ತನ್ನ ಮೂಗು ಹಿಡಿದುಕೊಂಡು ಕಾಯುತ್ತಾಳೆ.

‘ತಣ್ಣು’, ‘ತಾಲು’ ಎಂದರೆ

ಕಣ್ಣು ‘ತಣ್ಣು’ ಆಗುವುದು, ಕೈ ‘ತೈ’ ಆಗುವುದು, ಉಗುರು ‘ಉಗುಲು’ ಆಗುವುದು ಸಹಜ. ಕ, ಗ ಹುಟ್ಟುವುದು ನಾಲಿಗೆಯ ಹಿಂಬದಿಯಲ್ಲಿ. ಮಗುವಿಗೆ ನಾಲಿಗೆಯ ತುದಿ ಮೊದಲು ಹಿಡಿತಕ್ಕೆ ಬರುವುದರಿಂದ ಅದು ‘ತ’ ಎನ್ನುತ್ತದೆ. ರ, ಳ ಇನ್ನೂ ತಡ. ‘ಒಟ್ಟೆ’ ಎಂದರಂತೂ ಚಿಂತೆಯೇ ಬೇಡ, ಎಷ್ಟೋ ಸೀಮೆಗಳಲ್ಲಿ ದೊಡ್ಡವರೂ ಹಾಗೇ ಹೇಳುತ್ತಾರೆ. ‘ಸರಿಯಾಗಿ ಹೇಳು’ ಎಂದು ಒತ್ತಾಯಿಸುವುದೂ ಬೇಡ, ಮುದ್ದು ಎಂದು ನಾವೇ ‘ತಣ್ಣು’ ಎನ್ನುವುದೂ ಬೇಡ. ‘ಹೌದು, ಕಣ್ಣು’ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿದರೆ ಮುಗಿಯಿತು.

ಮನೆಯವರೆಲ್ಲ ಒಂದೇ ಪದಕ್ಕೆ ಒಪ್ಪಿಕೊಳ್ಳುವುದೂ ಮುಖ್ಯ. ‘ಗಲ್ಲ’ ಎಂದರೆ ಕೆಲವು ಕಡೆ ಕೆನ್ನೆ, ಕೆಲವು ಕಡೆ ಗದ್ದ. ಅಪ್ಪ ಹುಬ್ಬಳ್ಳಿಯವರು, ಅಮ್ಮ ಮಂಡ್ಯದವರಾದರೆ ಮಗು ಎಲ್ಲಿ ಮುಟ್ಟಬೇಕು? ಇಂಗ್ಲಿಷಿನ ‘ನೋಸ್, ಐಸ್, ಟಮ್ಮಿ’ಯದೂ ಇದೇ ಕಥೆ. ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಎಂಬ ಭಯ ಬೇಡ. ಆದರೆ ‘ನೋಸ್ ಒರೆಸೋಣ’ ಎಂಬ ಬೆರಕೆಯಲ್ಲಿ ಇಂಗ್ಲಿಷ್ ಸಿಗುವುದು ಒಂದು ಪದ, ಕನ್ನಡ ಕಳೆಯುವುದೂ ಅದೇ ಪದ. ಎರಡೂ ಬೇಕೆಂದರೆ ಕನ್ನಡದ ವಾಕ್ಯ ಪೂರ್ತಿ ಕನ್ನಡದಲ್ಲಿ, ಇಂಗ್ಲಿಷಿನದು ಪೂರ್ತಿ ಇಂಗ್ಲಿಷಿನಲ್ಲಿ ಇರಲಿ.

ಎರಡೂವರೆ ದಾಟಿದ ಮೇಲೆ

ಕನ್ನಡದಲ್ಲಿ ‘ಕೈ’ ಎಂದರೆ ಹೆಗಲಿನಿಂದ ಬೆರಳ ತುದಿಯ ತನಕ. ಹಾಗಾಗಿ ಮೊಣಕೈ ಮುಟ್ಟಿ ಮಗು ‘ಕೈ’ ಎಂದರೆ ಅದು ಸರಿಯೇ. ಕೈಕಾಲಿನ ಬಿಡಿಭಾಗಗಳನ್ನು ಬೊಟ್ಟುಮಾಡಿ ಕಲಿಸಲಾಗದು, ಚಲನೆಯಿಂದ ಕಲಿಸಬೇಕು. ಮೊಣಕೈ ಮಡಚು, ಅಂಗೈ ಚಾಚು, ಹೆಗಲು ಕುಣಿಸು, ಹಿಮ್ಮಡಿ ಎತ್ತು, ಮಂಡಿಯೂರು. ಇಲ್ಲೊಂದು ಸೊಗಸಿದೆ. ಅಂಗೈ ಗೊತ್ತಾದರೆ ಅಂಗಾಲು, ಮೊಣಕೈ ಗೊತ್ತಾದರೆ ಮೊಣಕಾಲು ಅರ್ಧ ಕಲಿತಂತೆಯೇ. ಬೆರಳುಗಳ ಹೆಸರಲ್ಲೇ ಅವುಗಳ ಗುರುತಿದೆ: ಹಿರಿದಾದ್ದು ಹೆಬ್ಬೆರಳು, ತೋರಿಸುವುದು ತೋರುಬೆರಳು, ನಡುವಿನದು ನಡುಬೆರಳು, ಉಂಗುರ ತೊಡುವುದು ಉಂಗುರಬೆರಳು, ಕಿರಿದಾದ್ದು ಕಿರುಬೆರಳು. ಮೂರು ವರ್ಷದ ಮಗುವಿಗೆ ಈ ಐದನ್ನು ಕಲಿಸುವುದು ಕಷ್ಟವೇ ಅಲ್ಲ.

ಹೇಳಲು ಹಿಂಜರಿಯುವ ಹೆಸರುಗಳು

ಹೊಕ್ಕಳ ತನಕ ಬಂದು ಅಲ್ಲಿಂದ ನೇರ ತೊಡೆಗೆ ಹಾರುವುದು ನಮ್ಮ ಮನೆಗಳ ರೂಢಿ. ನಡುವಿನ ಜಾಗಕ್ಕೆ ಹೆಸರೇ ಇಲ್ಲದಂತೆ, ಅಥವಾ ‘ಶೇಮ್ ಶೇಮ್’ ಎಂಬುದೇ ಅದರ ಹೆಸರೆಂಬಂತೆ. ಇದರಿಂದ ತೊಂದರೆಯಿದೆ. ಅಲ್ಲಿ ಉರಿಯಿದ್ದರೂ, ಗಾಯವಾದರೂ, ಯಾರಾದರೂ ಕೈಯಾಡಿಸಿದರೂ ಹೇಳಲು ಮಗುವಿನ ಬಳಿ ಪದವಿರುವುದಿಲ್ಲ. ಹೇಳಬಾರದ ಜಾಗ ಎಂದು ಕಲಿತಿದ್ದರೆ ಅದು ಹೇಳುವುದೂ ಇಲ್ಲ.

ಗಂಡುಮಗುವಿಗೆ ಶಿಶ್ನ, ಹೆಣ್ಣುಮಗುವಿಗೆ ಯೋನಿ ಎಂಬ ಪದಗಳಿವೆ. ಮನೆಮಾತಿನವಲ್ಲವಾದ್ದರಿಂದ ನಾಲಿಗೆ ತಡೆಯುತ್ತದೆ, ನಿಜ. ಆದರೂ ಮೀಯಿಸುವಾಗ ಮೂಗು ಎಂದಷ್ಟೇ ಸಲೀಸಾಗಿ ಹೇಳಿ, ವಾರದಲ್ಲಿ ರೂಢಿಯಾಗುತ್ತದೆ. ಮನೆಯ ಪದವನ್ನೇ ಬಳಸುವುದಾದರೆ ಅದು ಒಂದೇ ಆಗಿರಲಿ, ಅಂಗನವಾಡಿ ಶಿಕ್ಷಕಿಗೂ ವೈದ್ಯರಿಗೂ ಅರ್ಥವಾಗುವಂತಿರಲಿ. ಹೂವು, ಹಕ್ಕಿ ಎಂಬ ಮರೆಮಾತಿನಲ್ಲಿ ಮಗು ದೂರು ಹೇಳಿದರೆ ಹೊರಗಿನವರಿಗೆ ತಿಳಿಯುವುದೇ ಇಲ್ಲ. ಮೂರು ವರ್ಷದ ಹೊತ್ತಿಗೆ, ಮೀಯಿಸುವವರು, ಶುಚಿ ಮಾಡುವವರು ಮತ್ತು ಅಮ್ಮ ಅಪ್ಪ ಜೊತೆಗಿದ್ದಾಗ ವೈದ್ಯರು ಬಿಟ್ಟರೆ ಬೇರಾರೂ ಅಲ್ಲಿ ಮುಟ್ಟುವಂತಿಲ್ಲ ಎಂಬುದನ್ನೂ ಸೇರಿಸಿ.

ವೈದ್ಯರಿಗೆ ಯಾವಾಗ ತೋರಿಸಬೇಕು

ಎರಡು ವರ್ಷವಾದರೂ ಎರಡು ಭಾಗವನ್ನಾದರೂ ತೋರಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬಂದಿದ್ದ ಪದಗಳು ಮಾಯವಾಗುತ್ತಿದ್ದರೆ ‘ಗಂಡುಮಕ್ಕಳು ಮಾತಾಡುವುದು ತಡ’ ಎಂದು ಕಾಯಬೇಡಿ. ಮೊದಲು ಕಿವಿಯ ಪರೀಕ್ಷೆ ಆಗಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಮತ್ತು ಮಾತಿನ ತಪಾಸಣೆ ಎರಡೂ ನಡೆಯುತ್ತವೆ. ದೂರದವರು ಮಕ್ಕಳ ವೈದ್ಯರನ್ನು ಕಾಣಬಹುದು, ಇಲ್ಲವೇ ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಬಹುದು. ಹೋಗುವಾಗ ಎರಡು ಪಟ್ಟಿ ಬರೆದು ಒಯ್ಯಿರಿ: ಕೇಳಿದಾಗ ಮಗು ತೋರಿಸುವ ಪದಗಳು, ತಾನಾಗಿಯೇ ಹೇಳುವ ಪದಗಳು. ಹೇಳುವುದನ್ನು ಅದರ ಬಾಯಲ್ಲಿ ಬರುವಂತೆಯೇ, ‘ತಣ್ಣು’ ಇದ್ದರೆ ‘ತಣ್ಣು’ ಎಂದೇ ಬರೆಯಿರಿ, ಪಕ್ಕದಲ್ಲಿ ತಾರೀಖು ಹಾಕಿ.