ಜೀನಿನಡಿಯ ಎರಡು ಒಣ ಕಲೆಗಳು

ತಾರಾ ರೇಸ್ ಬಿಟ್ಟು ನಮ್ಮ ಲಾಯಕ್ಕೆ ಬಂದಾಗ ಪಕ್ಕೆಲುಬು ಎಣಿಸುವಷ್ಟು ತೆಳ್ಳಗಿದ್ದಳು. ಜೀನು ಕಟ್ಟಿಸಿಕೊಳ್ಳಲು ಆಗ ತಕರಾರು ಮಾಡಿದವಳೇ ಅಲ್ಲ. ಏಳೆಂಟು ತಿಂಗಳು ಕಳೆದ ಮೇಲೆ ಶುರುವಾಯಿತು: ಹೊಟ್ಟೆಪಟ್ಟಿ ಕೈಗೆತ್ತಿಕೊಂಡರೆ ಸಾಕು, ಕಿವಿ ಹಿಂದಕ್ಕೆ ಮಡಚುವಳು, ಬಾಲ ಬೀಸುವಳು, ಬಿಗಿಯುವಾಗ ತೋಳಿನತ್ತ ಬಾಯಿ ಹಾಕುವಳು. ಬೆಂಗಳೂರಿನ ಹೊರವಲಯದಲ್ಲಿ ಸಣ್ಣ ಸವಾರಿ ಶಾಲೆ ನಡೆಸುವ ನಾನು, ಕುದುರೆಗಳನ್ನು ಬಲ್ಲೆ ಎಂಬ ಧೈರ್ಯದಲ್ಲಿ, “ಮೈ ತುಂಬಿತು, ಕೊಬ್ಬು ಬಂತು” ಎಂದುಬಿಟ್ಟೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಮೈ ತುಂಬಿದ್ದು ನಿಜ. ತೊಂದರೆಯ ಮೂಲವೂ ಅದೇ ಆಗಿತ್ತು.

ಒಂದು ಬೆಳಿಗ್ಗೆ ಸವಾರಿ ಮುಗಿಸಿ ಜೀನು ಇಳಿಸುತ್ತಿದ್ದಂತೆ ಕುದುರೆಗಳ ಆರೈಕೆ ನೋಡಿಕೊಳ್ಳುವ ನಮ್ಮ ಹಿರಿಯ ಸೈಸ್, “ಮೇಡಂ, ನೀರು ಹಾಕುವುದಕ್ಕೆ ಮುಂಚೆ ಒಮ್ಮೆ ಇಲ್ಲಿ ಬನ್ನಿ” ಎಂದು ಕರೆದರು. ಬೆನ್ನೆಲ್ಲ ಬೆವರಿನಿಂದ ತೊಯ್ದು ಕಪ್ಪಾಗಿತ್ತು. ಹೆಗಲ ದಿಬ್ಬದ ಎರಡೂ ಬದಿಯಲ್ಲಿ, ಸ್ವಲ್ಪ ಕೆಳಗೆ, ಅಂಗೈ ಅಗಲದ ಎರಡು ಕಲೆಗಳು ಮಾತ್ರ ಒಣಗಿದ್ದವು. ಬಲಗಡೆಯ ಕಲೆಯ ನಡುವೆ ನಾಲ್ಕೈದು ಬಿಳಿಕೂದಲು. ಅತಿಯಾದ ಒತ್ತಡ ಬಿದ್ದ ಜಾಗದಲ್ಲಿ ಬೆವರು ಗ್ರಂಥಿಗಳು ಕೆಲಸ ನಿಲ್ಲಿಸುತ್ತವೆ. ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳು ಸತ್ತರೆ ಅಲ್ಲಿ ಬಿಳಿಕೂದಲು ಹುಟ್ಟುತ್ತದೆ. ಜೀನು ತಾಗದೇ ಇರುವ ಜಾಗವೂ ಒಣಗಿರಬಹುದು, ಆದ್ದರಿಂದ ಬೆರಳಿನಿಂದ ಒತ್ತಿ ನೋಡಿದೆ. ತಾರಾ ಬೆನ್ನನ್ನು ಕೆಳಕ್ಕೆ ಕುಗ್ಗಿಸಿ ನನ್ನ ಕೈಯಿಂದ ತಪ್ಪಿಸಿಕೊಂಡಳು.

ಊರಿನಲ್ಲಿ ಅಪ್ಪ ಸಂಜೆ ನೊಗ ಇಳಿಸಿದ ಕೂಡಲೇ ಎತ್ತುಗಳ ಹೆಗಲು ಸವರಿ ನೋಡುತ್ತಿದ್ದರು. ಬಾವು ಕಂಡರೆ ಮರುದಿನ ಉಳುಮೆ ಇಲ್ಲ. ಅದನ್ನು ನೋಡುತ್ತಲೇ ಬೆಳೆದವಳು ನಾನು.

ಮೊದಲು ಮಾಡಿದ್ದು ತಪ್ಪನ್ನೇ. ಜೀನಿನಡಿಗೆ ಇನ್ನೊಂದು ದಪ್ಪ ನಮ್ದಾ, ಅಂದರೆ ಬೆನ್ನಿಗೆ ಹಾಸುವ ಹಾಸು, ಹಾಕಿದೆ, ಮೆತ್ತಗಾಗಲಿ ಎಂದು. ಬಿಗಿಯಾದ ಬಳೆಯೊಳಗೆ ಬಟ್ಟೆ ತುರುಕಿದಂತಾಯಿತು. ಎರಡೇ ದಿನಕ್ಕೆ ಅವಳು ಎಡಕ್ಕೆ ತಿರುಗಲೂ ಒಪ್ಪದಾದಳು.

ಆಮೇಲೆ ನಮ್ದಾಗಳನ್ನೆಲ್ಲ ತೆಗೆದು ಬರೀ ಜೀನನ್ನು ಬೆನ್ನ ಮೇಲಿಟ್ಟು ಅದರ ತಳದ ಮೆತ್ತೆಯ ಕೆಳಗೆ ಕೈ ಹಾಯಿಸಿದೆ. ಮುಂದೆ ಬೆರಳು ತೂರಲಿಲ್ಲ. ನಡುವೆ ಅಂಗೈ ಸರಾಗವಾಗಿ ಹೋಯಿತು. ಹಿಂದೆ ಮತ್ತೆ ಬಿಗಿ. ಸೇತುವೆ ಎರಡು ದಡದ ಮೇಲೆ ನಿಂತ ಹಾಗೆ ಜೀನು ನಿಂತಿತ್ತು; ಸವಾರನ ಭಾರವೆಲ್ಲ ನಾಲ್ಕು ಮೂಲೆಗೆ. ಜೀನಿನೊಳಗೆ ಮರದ ಗಟ್ಟಿ ಅಚ್ಚು ಇರುತ್ತದೆ, ಲಾಯದಲ್ಲಿ ಅದನ್ನು ಟ್ರೀ ಎನ್ನುತ್ತೇವೆ. ಬೆನ್ನುಮೂಳೆಗೆ ಭಾರ ತಾಗದಂತೆ ಎರಡೂ ಬದಿಯ ಸ್ನಾಯುಗಳ ಮೇಲೆ ಅದನ್ನು ಹರಡುವುದು ಅಚ್ಚಿನ ಕೆಲಸ. ತಾರಾ ತೆಳ್ಳಗಿದ್ದಾಗ ತಂದ ಅಚ್ಚು ಈಗ ಅವಳಿಗೆ ಕಿರಿದಾಗಿ, ಅದರ ಮುಂದಿನ ಎರಡು ತುದಿಗಳು ಇಕ್ಕಳದಂತೆ ಹಿಡಿದಿದ್ದವು. ಕಿರಿದಾದ ಜೀನು ಮುಂದೆ ಎದ್ದು ನಿಲ್ಲುತ್ತದೆ, ಸವಾರ ಹಿಂದಕ್ಕೆ ಜಾರುತ್ತಾನೆ. ನಮ್ಮ ವಿದ್ಯಾರ್ಥಿಗಳು ಹಿಂದಕ್ಕೆ ವಾಲಿ ಕೂರುತ್ತಾರೆಂದು ನಾನು ದಿನವೂ ಗದರುತ್ತಿದ್ದೆ. ತಪ್ಪು ಮಕ್ಕಳದ್ದಾಗಿರಲಿಲ್ಲ.

ಪಶುವೈದ್ಯರು ನೋಡಿ, ಮೂಳೆಗೆ ಏನೂ ಆಗಿಲ್ಲ, ಸ್ನಾಯು ನೊಂದಿದೆ ಎಂದರು. ಎಂಟು ವಾರ ಜೀನು ಮುಟ್ಟಿಸಲಿಲ್ಲ. ಉದ್ದ ಹಗ್ಗದಲ್ಲಿ ಸುತ್ತು ನಡೆಸಿದೆವು, ಇಳಿಜಾರಿನಲ್ಲಿ ಕೈಹಿಡಿದು ಹತ್ತಿಸಿದೆವು. ಮುಂಗಾಲುಗಳ ನಡುವೆ ಕ್ಯಾರೆಟ್ ಹಿಡಿದರೆ ಅದನ್ನು ತಿನ್ನಲು ಅವಳು ತಲೆ ಬಾಗಿಸಿ ಬೆನ್ನನ್ನು ಮೇಲೆತ್ತುತ್ತಿದ್ದಳು. ಆ ವ್ಯಾಯಾಮ ಅವಳಿಗೂ ಇಷ್ಟ.

ಅಳತೆಗೆ ಬಳಸಿದ್ದು ನಕ್ಷೆ ಬರೆಯುವವರ ಬಾಗುವ ಪಟ್ಟಿ, ಸ್ಟೇಷನರಿ ಅಂಗಡಿಯದು. ತಾರಾಳನ್ನು ಸಮನೆಲದಲ್ಲಿ ನಾಲ್ಕೂ ಕಾಲು ನೇರವಾಗಿ ನಿಲ್ಲಿಸಿ, ಭುಜದ ಮೂಳೆಯ ಹಿಂದೆ ಎರಡು ಬೆರಳು ಬಿಟ್ಟು ಪಟ್ಟಿಯನ್ನು ಬೆನ್ನಿಗೆ ಅಂಟುವಂತೆ ಬಾಗಿಸಿದೆ. ಆ ಆಕಾರವನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದೆ. ಅಲ್ಲಿಂದ ಒಂದು ಗೇಣು ಹಿಂದೆ ಇನ್ನೊಂದು, ಕೊನೆಯ ಪಕ್ಕೆಲುಬಿನ ನೇರಕ್ಕೆ ಮತ್ತೊಂದು. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬು. ಹದಿನೆಂಟನೆಯದನ್ನು ಬೆರಳಿನಿಂದ ಹುಡುಕಿ ಮೇಲಕ್ಕೆ ಹಿಂಬಾಲಿಸಿದರೆ ಜೀನಿನ ಗಡಿ ಸಿಗುತ್ತದೆ. ಅದರಾಚೆ ಸೊಂಟ, ಕೆಳಗೆ ಪಕ್ಕೆಲುಬಿನ ಆಧಾರವಿಲ್ಲ, ಅಲ್ಲಿ ಭಾರ ಕೂರಬಾರದು. ಸವಾರನಿಗೆ ಹಿತವೆಂದು ಉದ್ದ ಜೀನು ತರುವವರು ಈ ಗಡಿಯನ್ನು ಮೊದಲು ಗುರುತಿಸಿಕೊಳ್ಳಲಿ.

ಭುಜದ ವಿಷಯ ನನಗೆ ಪುಸ್ತಕದಿಂದ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಭುಜದ ಮೂಳೆಯ ಹಿಂದೆ ಅಂಗೈ ಇಟ್ಟು ನಿಂತೆ. ಸೈಸ್ ಅವಳ ಮುಂಗಾಲನ್ನು ಎತ್ತಿ ಮುಂದಕ್ಕೆ ಚಾಚಿದರು. ಮೂಳೆಯ ಮೇಲಂಚು ತಿರುಗಿ ನನ್ನ ಅಂಗೈಯನ್ನು ಹಿಂದಕ್ಕೆ ತಳ್ಳಿತು, ಹೆಚ್ಚುಕಡಿಮೆ ಮೂರು ಬೆರಳಷ್ಟು. ಪ್ರತಿ ಹೆಜ್ಜೆಗೂ ಆ ಮೂಳೆ ಜೀನಿನ ಗಟ್ಟಿ ತುದಿಗೆ ಗುದ್ದಿಕೊಳ್ಳುತ್ತಿದ್ದುದನ್ನು ನೆನೆದು ಕಣ್ಣು ತುಂಬಿತು. ಈಗ ಜೀನನ್ನು ಮೊದಲು ಮುಂದಕ್ಕಿಟ್ಟು, ಕೂದಲಿನ ದಿಕ್ಕಿನಲ್ಲಿ ಹಿಂದಕ್ಕೆ ಸರಿಸಿ, ಅದು ತಾನಾಗಿ ನಿಲ್ಲುವಲ್ಲಿ ಬಿಡುತ್ತೇವೆ.

ಹಳೆಯ ಜೀನಿನ ಅಚ್ಚನ್ನು ಅಗಲಿಸುವಂತಿರಲಿಲ್ಲ. ಜೀನು ತಯಾರಿಕೆಗೆ ಹೆಸರಾದ ಕಾನ್ಪುರದಿಂದ ಅಗಲ ಅಚ್ಚಿನದೊಂದನ್ನು ತರಿಸಿದೆ. ರಟ್ಟನ್ನು ಅದರೊಳಗೆ ಹಿಡಿದು ನೋಡಿದಾಗ ಎರಡೂ ಬದಿ ಒಂದೇ ಕೋನದಲ್ಲಿ ಕೂತಿತು. ಸವಾರ ಹತ್ತಿದ ಮೇಲೂ ಹೆಗಲ ದಿಬ್ಬಕ್ಕೂ ಜೀನಿಗೂ ನಡುವೆ ಎರಡೂವರೆ ಬೆರಳಿನ ಸಂದು ಉಳಿಯಿತು. ತೀರಾ ಅಗಲವಾದರೂ ಅಪಾಯವೇ, ಜೀನು ಕುಸಿದು ದಿಬ್ಬದ ಮೇಲೇ ಕೂರುತ್ತದೆ. ಮೆತ್ತೆಯೊಳಗಿನ ಉಣ್ಣೆ ಗಂಟುಕಟ್ಟಿದ್ದ ಕಡೆ ಚರ್ಮದ ಕೆಲಸದವರಿಂದ ಬಿಚ್ಚಿಸಿ, ಹಿಂಜಿ, ಮತ್ತೆ ತುಂಬಿಸಿದೆ. ನೆಲದಿಂದ ರಿಕಾಪಿಗೆ ಕಾಲಿಟ್ಟು ಹತ್ತುವುದನ್ನು ನಿಲ್ಲಿಸಿ ಮರದ ಮೆಟ್ಟಿಲು ಮಾಡಿಸಿದೆ, ನೆಲದಿಂದ ಹತ್ತಿದಾಗಲೆಲ್ಲ ಜೀನು ಎಡಕ್ಕೆ ಎಳೆದು ಬೆನ್ನನ್ನು ತಿರುಚುತ್ತದೆ. ಇನ್ನೊಂದು ಮಾತು: ಜೀನು ಪದೇ ಪದೇ ಒಂದೇ ಕಡೆಗೆ ಸರಿಯುತ್ತಿದ್ದರೆ ಜೀನನ್ನು ದೂರುವ ಮುನ್ನ ಹಿಂಗಾಲುಗಳನ್ನು ವೈದ್ಯರಿಗೆ ತೋರಿಸಿ. ಕಣ್ಣಿಗೆ ಕಾಣದ ಕುಂಟಿನಿಂದಲೂ ಹಾಗಾಗುತ್ತದೆ.

ಬಿಳಿಕೂದಲು ಹಾಗೇ ಉಳಿದಿದೆ. ಹೊಟ್ಟೆಪಟ್ಟಿ ಕಟ್ಟುವಾಗ ಈಗ ತಾರಾ ಹುಲ್ಲು ಮೆಲ್ಲುತ್ತಾಳೆ. ಎರಡು ತಿಂಗಳಿಗೊಮ್ಮೆ ಹೊಸ ರಟ್ಟು ಕತ್ತರಿಸಿ, ತಾರೀಖು ಬರೆದು, ಲಾಯದ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತೇನೆ. ಮೊನ್ನೆ ಕತ್ತರಿಸಿದ್ದನ್ನು ಹಿಂದಿನದರ ಮೇಲಿಟ್ಟು ನೋಡಿದರೆ ಎಡಭುಜ ಒಂದು ನೂಲಿನಷ್ಟು ಹೆಚ್ಚು ತುಂಬಿದೆ. ಭಾನುವಾರ ಬಲಬದಿಯ ಮೆತ್ತೆ ಬಿಚ್ಚಿ ಒಂದು ಹಿಡಿ ಉಣ್ಣೆ ಸೇರಿಸಬೇಕು.