ಡ್ರೋನ್ ಮೊದಲೋ, ಲೆನ್ಸ್ ಮೊದಲೋ? ಬೀದರ್‌ನಲ್ಲಿ ನಿಂತು ನಿರ್ಧರಿಸುವುದು ಹೇಗೆ

ಮದುವೆ ಹಂಗಾಮು ಹತ್ತಿರವಾಗುತ್ತಿದ್ದಂತೆ ಕಲ್ಯಾಣ ಕರ್ನಾಟಕದ ಫೋಟೊಗ್ರಾಫರುಗಳ ನಡುವೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಕೈಯಲ್ಲಿ ಒಂದಿಷ್ಟು ಉಳಿತಾಯವಿದೆ. ಕ್ಯಾಮೆರಾ ಇದೆ, ಅದರ ಜೊತೆಗೇ ಬಂದ 18–55 ಮಿ.ಮೀ. ಕಿಟ್ ಲೆನ್ಸ್ ಇದೆ. ಈಗ ಹಣ ಹಾಕಬೇಕಾದದ್ದು ಕ್ಯಾಮೆರಾ ಡ್ರೋನ್ ಮೇಲೋ, ಹೊಸ ಲೆನ್ಸ್ ಮೇಲೋ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೀದರ್ ನಗರದವರಾದರೆ ಲೆನ್ಸ್. ಕಲಬುರಗಿ, ಯಾದಗಿರಿಯವರಾದರೆ ಸ್ವಲ್ಪ ಹೆಚ್ಚು ವಿಚಾರ ಮಾಡಬೇಕು, ಆದರೂ ಬಹುತೇಕರಿಗೆ ಲೆನ್ಸೇ. ಡ್ರೋನ್ ಕೆಟ್ಟದ್ದು ಎಂದು ಹೀಗೆ ಹೇಳುತ್ತಿಲ್ಲ. ಈ ನೆಲದಲ್ಲಿ ನೋಡಲೇಬೇಕಾದ ಅನೇಕ ಸಂಗತಿಗಳು ಕತ್ತಲ ಕೋಣೆಯಲ್ಲಿವೆ, ಅಂಗೈಯಗಲದ ಕುಸುರಿಯಲ್ಲಿವೆ. ಮೇಲೆ ಹಾರಿದರೆ ಅವು ಕಾಣುವುದಿಲ್ಲ. ನೀವು ನನ್ನ ಮಾತನ್ನು ಒಪ್ಪಬೇಕಾಗಿಲ್ಲ. ಕೆಳಗಿನ ಕ್ರಮದಲ್ಲಿ ನೀವೇ ಲೆಕ್ಕ ಹಾಕಿ ನೋಡಿ.

ಮೊದಲು ಹಳೆಯ ಚಿತ್ರಗಳ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ಕಂಪ್ಯೂಟರ್ ತೆರೆಯಿರಿ. ಕಳೆದ ಒಂದು ವರ್ಷದಲ್ಲಿ ನೀವು ತೆಗೆದ ಚಿತ್ರಗಳಲ್ಲಿ ಮನಸ್ಸಿಗೆ ಹಿಡಿಸದವನ್ನು ಆರಿಸಿ. ಪ್ರತಿಯೊಂದರ ಮುಂದೆ ಕಾರಣವನ್ನು ಒಂದೇ ಮಾತಿನಲ್ಲಿ ಬರೆಯಿರಿ: ಬೆಳಕು ಸಾಲಲಿಲ್ಲ, ದೂರವಾಯಿತು, ಹತ್ತಿರ ಹೋಗಲು ಆಗಲಿಲ್ಲ, ಚೌಕಟ್ಟಿನಲ್ಲಿ ಹಿಡಿಸಲಿಲ್ಲ, ಮೇಲಿನಿಂದ ತೆಗೆಯಬೇಕಿತ್ತು. ಚಿತ್ರದ ಮಾಹಿತಿಯಲ್ಲಿ ಫೋಕಲ್ ಲೆಂತ್ (ಲೆನ್ಸ್ ಎಷ್ಟು ಮಿ.ಮೀ.ನಲ್ಲಿತ್ತು ಎಂಬ ಅಂಕಿ) ದಾಖಲಾಗಿರುತ್ತದೆ, ಅದನ್ನೂ ಗಮನಿಸಿ. ಬಹಳಷ್ಟು ಚಿತ್ರಗಳು 55ಕ್ಕೆ ಬಂದು ನಿಂತಿದ್ದರೆ ನಿಮಗೆ ಬೇಕಿರುವುದು ದೂರದ ಲೆನ್ಸ್. 18ರಲ್ಲೇ ನಿಂತಿದ್ದರೆ ಅಗಲದ್ದು. ‘ಮೇಲಿನಿಂದ’ ಎಂಬ ಕಾರಣ ನಿಜವಾಗಿಯೂ ಎಷ್ಟು ಸಲ ಬಂದಿದೆ ಎಂದು ಪ್ರಾಮಾಣಿಕವಾಗಿ ಎಣಿಸಿ.

ಆ ಎಣಿಕೆಯಲ್ಲೂ ಒಂದು ಜರಡಿ ಬೇಕು. ಯಾದಗಿರಿ ಕೋಟೆಯ ಬೆಟ್ಟ ಹತ್ತಿದರೆ ಇಡೀ ಊರು ಕಾಲ ಕೆಳಗೆ ಹರಡಿಕೊಳ್ಳುತ್ತದೆ, ಅಲ್ಲಿಗೆ ಡ್ರೋನ್ ಏಕೆ? ಶಹಾಪುರದ ‘ಮಲಗಿದ ಬುದ್ಧ’ನ ಬೆಟ್ಟಸಾಲು ಇನ್ನೂ ಸ್ಪಷ್ಟವಾದ ಉದಾಹರಣೆ. ಆ ಆಕೃತಿ ಮೂಡುವುದು ನೆಲದ ಮೇಲೆ, ದೂರದ ಒಂದು ದಿಕ್ಕಿನಿಂದ ನೋಡಿದಾಗ. ಮೇಲೇರಿದಷ್ಟೂ ಹಣೆ, ಮೂಗು, ಎದೆಯ ರೇಖೆಗಳು ಒಂದರೊಳಗೊಂದು ಕಲಸಿ ಬರೀ ಗುಡ್ಡವಾಗುತ್ತವೆ. ಅದಕ್ಕೆ ಬೇಕಿರುವುದು 200 ಮಿ.ಮೀ. ಆಸುಪಾಸಿನ ಲೆನ್ಸ್ ಮತ್ತು ಮಳೆ ಬಿಟ್ಟ ಮರುದಿನದ ತಿಳಿ ಗಾಳಿ.

ಇನ್ನು ಮೇಲಿನಿಂದಲೇ ನೋಡಬೇಕಾದವೂ ಇವೆ. ಕಲಬುರಗಿ ಕೋಟೆಯೊಳಗಿನ, 1367ರ ಜಾಮಿಯಾ ಮಸೀದಿಗೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡದ ಮೇಲೆ ಹತ್ತಾರು ಸಣ್ಣ ಗುಮ್ಮಟಗಳು ಸಾಲುಗಟ್ಟಿವೆ. ಆ ವಿನ್ಯಾಸ ಅರ್ಥವಾಗುವುದು ಎತ್ತರದಿಂದಲೇ. ಬೀದರ್ ಕೋಟೆಯ ದಕ್ಷಿಣಕ್ಕೆ ಬಂಡೆಯನ್ನೇ ಕಡಿದು ಮಾಡಿದ ಮೂರು ಸುತ್ತಿನ ಕಂದಕವೂ ಹಾಗೆಯೇ. ಹೂಬಿಟ್ಟ ತೊಗರಿ ಹೊಲಗಳ ನಡುವೆ ತಿರುವು ತೆಗೆದುಕೊಳ್ಳುವ ಭೀಮಾ ನದಿ ಕೂಡ. ನಿಮ್ಮ ಪಟ್ಟಿಯಲ್ಲಿ ಇಂಥವೇ ತುಂಬಿದ್ದರೆ ಮುಂದಿನ ಭಾಗವನ್ನು ನಿಧಾನವಾಗಿ ಓದಿ.

ಹಣಕ್ಕಿಂತ ಮೊದಲು ಆಕಾಶದ ನಕ್ಷೆ

ಡ್ರೋನ್ ನಿಯಮಗಳು 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದವು. ಅವು ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸುತ್ತವೆ. ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಊರನ್ನು ಹುಡುಕಿದರೆ ಬಣ್ಣ ತಿಳಿಯುತ್ತದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವಿನ ಪಟ್ಟಿಯಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ. ಅದಕ್ಕಿಂತ ಹತ್ತಿರವಾದರೆ ನೆಲಬಿಟ್ಟು ಏಳುವುದಕ್ಕೂ ಅನುಮತಿ ಬೇಕು. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿಯೇ ಬೇಕು.

ಇದನ್ನು ನಮ್ಮ ಮೂರು ಜಿಲ್ಲೆಗಳಿಗೆ ಅನ್ವಯಿಸಿ ನೋಡಿ. ಬೀದರ್ ನಗರಕ್ಕೆ ಅಂಟಿಕೊಂಡಂತೆ ವಾಯುಪಡೆಯ ತರಬೇತಿ ನೆಲೆಯಿದೆ. ಹೊಸ ಪೈಲಟ್‌ಗಳು ಹಾಕ್ ಜೆಟ್‌ಗಳಲ್ಲಿ ಕಲಿಯುವುದು ಇಲ್ಲಿ, ಸೂರ್ಯಕಿರಣ್ ತಂಡದ ಮನೆಯೂ ಇದೇ. ಪ್ರಯಾಣಿಕರ ವಿಮಾನ ನಿಲ್ದಾಣ 2020ರಲ್ಲಿ ಆರಂಭವಾದದ್ದು ಅದೇ ನೆಲೆಯ ಆವರಣದಲ್ಲಿ. ನಗರದಲ್ಲಿ ನಿಂತು ಡ್ರೋನ್ ಹಾರಿಸುವ ಯೋಚನೆ ಇಲ್ಲಿಗೇ ಮುಗಿಯಿತು ಎಂದುಕೊಳ್ಳಿ. ಇದು ದಂಡದ ಪ್ರಶ್ನೆಯಷ್ಟೇ ಅಲ್ಲ. ಕೆಳಮಟ್ಟದಲ್ಲಿ ಹಾರುವ ತರಬೇತಿ ವಿಮಾನದ ಎಂಜಿನ್ನಿಗೆ ಒಂದು ಹಕ್ಕಿ ಬಡಿದರೂ ಒಳಗಿರುವವರ ಪ್ರಾಣಕ್ಕೆ ಸಂಚಕಾರ. ಲೋಹ ಮತ್ತು ಬ್ಯಾಟರಿ ಬಡಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕಲಬುರಗಿಯ ವಿಮಾನ ನಿಲ್ದಾಣ 2019ರಲ್ಲಿ ಆರಂಭವಾಯಿತು, ಊರಿನಿಂದ ಪೂರ್ವಕ್ಕೆ ಸೇಡಂ ರಸ್ತೆಯ ಕಡೆಗಿದೆ. ಹೀಗಾಗಿ ನಗರದ ಒಂದು ಬಡಾವಣೆಗೂ ಇನ್ನೊಂದಕ್ಕೂ ಮಿತಿ ಬೇರೆಯಾಗಬಹುದು. ನಿಮ್ಮ ಜಾಗವನ್ನೇ ನಕ್ಷೆಯಲ್ಲಿ ಒತ್ತಿ ನೋಡಬೇಕು. ಯಾದಗಿರಿಯಲ್ಲಿ ವಿಮಾನ ನಿಲ್ದಾಣವಿಲ್ಲ, ಅಲ್ಲಿಯವರಿಗೆ ಆಕಾಶ ಹೆಚ್ಚು ತೆರೆದಿದೆ. ಆದರೆ ನಾರಾಯಣಪುರದ ಬಸವಸಾಗರದಂಥ ಜಲಾಶಯದ ಮೇಲೆ ಕೇಳದೆ ಹಾರಿಸಬೇಡಿ.

ಹಸಿರು ಬಣ್ಣ ಕಂಡಿತೆಂದು ಎಲ್ಲ ಬಾಗಿಲೂ ತೆರೆಯುವುದಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕಗಳ ಮೇಲೆ ಡ್ರೋನ್ ಹಾರಿಸಲು ಆ ಇಲಾಖೆಯ ಪೂರ್ವಾನುಮತಿ ಬೇಕು. ಅಂದರೆ ಮೇಲೆ ಹೇಳಿದ ಮಸೀದಿ, ಕಂದಕ ಎರಡೂ ಇದಕ್ಕೆ ಒಳಪಟ್ಟಿವೆ. ಚಿಂಚೋಳಿ ವನ್ಯಜೀವಿ ಧಾಮದಲ್ಲಿ ಅರಣ್ಯ ಇಲಾಖೆಯನ್ನು ಕೇಳಬೇಕು. ಬೀದರ್ ಸುತ್ತಲಿನ ಕೃಷ್ಣಮೃಗಗಳ ವಿಷಯದಲ್ಲಂತೂ ಕೇಳುವ ಯೋಚನೆಯೇ ಬೇಡ. ತಲೆಯ ಮೇಲೆ ಗುಂಯ್‌ಗುಡುವ ಯಂತ್ರ ಬಂದರೆ ಹಿಂಡು ದಿಕ್ಕೆಟ್ಟು ಓಡುತ್ತದೆ, ಮರಿಗಳು ಹಿಂದೆ ಉಳಿಯುತ್ತವೆ. 400 ಮಿ.ಮೀ. ಲೆನ್ಸ್ ಹಿಡಿದು ಹೊಲದ ಬದುವಿನಲ್ಲಿ ಕುಳಿತವನಿಗೆ ಅವು ತಾವಾಗಿಯೇ ಹತ್ತಿರ ಬರುತ್ತವೆ.

ತೂಕವೂ ಮುಖ್ಯ. 250 ಗ್ರಾಂ ಮೀರದ ಡ್ರೋನ್ ‘ನ್ಯಾನೊ’. ಅದಕ್ಕೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ. ಅಲ್ಲಿಂದ 2 ಕಿ.ಗ್ರಾಂ.ವರೆಗೆ ‘ಮೈಕ್ರೊ’. ಮದುವೆಯಲ್ಲಿ ಹಣ ಪಡೆದು ಮೈಕ್ರೊ ಹಾರಿಸುವುದಾದರೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕು, ಮೂರನೇ ವ್ಯಕ್ತಿಯ ವಿಮೆಯೂ ಬೇಕು. ಈ ಖರ್ಚನ್ನು ಡ್ರೋನ್ ಬೆಲೆಗೆ ಸೇರಿಸದೆ ಹೋಲಿಕೆ ಮಾಡಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಎಚ್ಚರಿಕೆ. 2022ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿತು; ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ವಿನಾಯಿತಿ. ಹಾಗಾಗಿ ಬಿಲ್ಲಿಲ್ಲದೆ ‘ಹೊರಗಿನ ಮಾಲು’ ಎಂದು ಮಾರುವ ಡ್ರೋನ್‌ಗೆ ವಾರಂಟಿ ಇರುವುದಿಲ್ಲ. 250 ಗ್ರಾಂ ಮೀರಿದ್ದಕ್ಕೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸಿಗುವ ಅಧಿಕೃತ ಮಾನ್ಯತೆ) ಇಲ್ಲದಿದ್ದರೆ ನೋಂದಣಿ ಸಂಖ್ಯೆಯೂ ಸಿಗುವುದಿಲ್ಲ. ಹೈದರಾಬಾದಿನ ಅಂಗಡಿಯಲ್ಲಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಅದು ಬೇಡ.

ಬಿಸಿಲಿನ ಲೆಕ್ಕ

ನಮ್ಮ ಭಾಗದ ಮದುವೆಗಳು ಬೇಸಿಗೆಯಲ್ಲೇ ಹೆಚ್ಚು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಸಣ್ಣ ಡ್ರೋನ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 40 ಡಿಗ್ರಿಯನ್ನೇ ಗರಿಷ್ಠ ಮಿತಿಯಾಗಿ ಬರೆದಿರುತ್ತಾರೆ. ಮಧ್ಯಾಹ್ನದ ಅಕ್ಷತೆಯ ಹೊತ್ತಿಗೆ ಛತ್ರದ ತಾರಸಿಯ ಮೇಲಿನ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ಲಿಥಿಯಂ ಬ್ಯಾಟರಿ ಉಬ್ಬುವುದು ಇಂಥ ಬಳಕೆಯಿಂದಲೇ. ಜೊತೆಗೆ ಈ ಡ್ರೋನ್‌ಗಳಲ್ಲಿ ಬಹುತೇಕಕ್ಕೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಬದಲಿಸಲು ಬರುವುದಿಲ್ಲ. ಸುಡುಬಿಸಿಲಿನಲ್ಲಿ ವಿಡಿಯೊ ನುಣುಪಾಗಿ ಬರಬೇಕಾದರೆ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಕನಿಷ್ಠ ಎರಡು ಹೆಚ್ಚುವರಿ ಬ್ಯಾಟರಿಯೂ ಬೇಕು.

ಲೆನ್ಸ್ ಏನು ಕೊಡುತ್ತದೆ

ಕಿಟ್ ಲೆನ್ಸ್ 55ರಲ್ಲಿ ಎಫ್5.6ಕ್ಕೆ ಮಾತ್ರ ತೆರೆಯುತ್ತದೆ (ಎಫ್ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು). 50 ಮಿ.ಮೀ. ಎಫ್1.8 ಲೆನ್ಸ್ ಅದಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಬೀದರ್ ಬಳಿಯ ಅಷ್ಟೂರಿನ ಬಹಮನಿ ಗುಮ್ಮಟಗಳಲ್ಲಿ ಅಹ್ಮದ್ ಶಾಹನ ಸಮಾಧಿಯೊಳಗೆ ಹೋದರೆ ಈ ಅಂಕಿಯ ಅರ್ಥ ತಿಳಿಯುತ್ತದೆ. ಕೆಂಪು, ಚಿನ್ನದ ಬಣ್ಣದ ಅಕ್ಷರಗಳು ಗೋಡೆಯಿಂದ ಗುಮ್ಮಟದವರೆಗೆ ಏರಿವೆ, ಬೆಳಕು ಬಾಗಿಲಿನಿಂದ ಮಾತ್ರ. ಟ್ರೈಪಾಡ್ ಬಳಸಲು ಅನುಮತಿ ಬೇಕು. ಕಿಟ್ ಲೆನ್ಸ್‌ನಲ್ಲಿ ಸೆಕೆಂಡಿನ ಆರನೇ ಒಂದು ಭಾಗ ಶಟರ್ ತೆರೆದಿಡಬೇಕಾದ ಕಡೆ ಈ ಲೆನ್ಸ್‌ಗೆ ಅರವತ್ತನೇ ಒಂದು ಭಾಗ ಸಾಕು. ಕೈ ಅಲುಗಿದ ಚಿತ್ರಕ್ಕೂ ಸ್ಪಷ್ಟ ಚಿತ್ರಕ್ಕೂ ಇರುವ ಅಂತರ ಅಷ್ಟೇ. ಮದುವೆ ಮನೆಯ ಒಳಕೋಣೆಯಲ್ಲಿ ವಧುವಿನ ಮುಖಕ್ಕೂ ಇದೇ ಲೆನ್ಸ್ ಒದಗುತ್ತದೆ. ಈ ವರ್ಗದ ಲೆನ್ಸ್‌ಗಳಲ್ಲಿ ಅತಿ ಅಗ್ಗವಾದದ್ದೂ ಇದೇ.

ಮಹಮೂದ್ ಗವಾನ್ ಮದರಸಾದ ಉಳಿದಿರುವ ಮಿನಾರಿನ ಮೇಲೆ 1472ರ ಕಾಲದ ಬಣ್ಣದ ಹೆಂಚುಗಳ ತುಣುಕುಗಳು ಇನ್ನೂ ಇವೆ. ಕೆಳಗೆ ನಿಂತವನಿಗೆ ಅವು ನೀಲಿ ಚುಕ್ಕೆಗಳಷ್ಟೇ. 70–300 ಲೆನ್ಸ್ ಹಾಕಿದರೆ ಹೆಂಚಿನ ಬಿರುಕು, ಬಣ್ಣದ ಮೇಲಿನ ಹೊಳಪು ಎಲ್ಲವೂ ಕಾಣುತ್ತವೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬಿದ್ರಿ. 2006ರಲ್ಲಿ ಭೌಗೋಳಿಕ ಸೂಚಿ ಪಡೆದ ಈ ಕುಸುರಿಯ ಚಿತ್ರಗಳು ಎಲ್ಲೆಡೆ ಒಂದೇ ಥರ ಇರುತ್ತವೆ: ಮೇಜಿನ ಮೇಲೆ ಹೂಜಿ, ಅದರ ಮೇಲೆ ಫ್ಲ್ಯಾಶ್ ಹೊಳಪು. ಹತ್ತಿರ ಹೋಗುವ ಲೆನ್ಸ್ ಇಲ್ಲದ್ದರಿಂದ ಹೀಗಾಗುತ್ತದೆ. ಸತು–ತಾಮ್ರದ ಪಾತ್ರೆಯ ಮೇಲೆ ಉಳಿಯಿಂದ ಕೊರೆದ ಗೀರಿನೊಳಗೆ ಕೂದಲೆಳೆಯಂಥ ಬೆಳ್ಳಿ ತಂತಿಯನ್ನು ಕೂರಿಸಿರುತ್ತಾರೆ. ಆಮೇಲೆ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದಾಗ ಪಾತ್ರೆ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಕಿಟ್ ಲೆನ್ಸ್ ಎಷ್ಟೇ ಹತ್ತಿರ ಹೋದರೂ ಆರೇಳು ಸೆಂಟಿಮೀಟರ್ ಅಗಲದ ಭಾಗವನ್ನು ಹಿಡಿಯುತ್ತದೆ. ನಿಜ ಅಳತೆಯ ಮ್ಯಾಕ್ರೊ ಲೆನ್ಸ್ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲವನ್ನು ಚೌಕಟ್ಟಿನ ತುಂಬ ತರುತ್ತದೆ. ಆಗ ತಂತಿಯ ಅಂಚಿನಲ್ಲಿ ಉಳಿ ಬಿಟ್ಟ ಗುರುತು ಕೂಡ ಕಾಣುತ್ತದೆ.

ತೆಗೆಯುವ ಕ್ರಮ ಹೀಗಿದೆ. ಫ್ಲ್ಯಾಶ್ ಆರಿಸಿ, ಪಾತ್ರೆಯನ್ನು ಕಿಟಕಿಯ ಪಕ್ಕಕ್ಕೆ ಇಡಿ, ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ. ಪೋಲರೈಸರ್ ಫಿಲ್ಟರ್ ನೆಚ್ಚಬೇಡಿ, ಬರಿಯ ಲೋಹದ ಹೊಳಪನ್ನು ಅದು ತೆಗೆಯುವುದಿಲ್ಲ. ಪಾತ್ರೆಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಬೆಳ್ಳಿ ಬೆಳಗಿ ಕಪ್ಪು ಕಪ್ಪಾಗಿಯೇ ಉಳಿಯುವ ಕೋನ ಹುಡುಕಿ. ಕಪ್ಪು ಹೆಚ್ಚಿರುವುದರಿಂದ ಕ್ಯಾಮೆರಾ ಬೆಳಕನ್ನು ಅತಿಯಾಗಿ ತೆಗೆದುಕೊಳ್ಳುತ್ತದೆ, ಎಕ್ಸ್‌ಪೋಷರನ್ನು ಒಂದು ಹಂತ ಇಳಿಸಿ. ಎಫ್8ರಲ್ಲೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ, ಆದ್ದರಿಂದ ಕ್ಯಾಮೆರಾ ಕುಸುರಿಗೆ ಸಮಾನಾಂತರವಾಗಿರಲಿ. ಮ್ಯಾಕ್ರೊ ಕೈಗೆಟುಕದಿದ್ದರೆ 50 ಮಿ.ಮೀ. ಲೆನ್ಸ್‌ಗೆ ಎಕ್ಸ್‌ಟೆನ್ಶನ್ ಟ್ಯೂಬ್ (ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಕೂರುವ ಟೊಳ್ಳು ಕೊಳವೆ) ಹಾಕಿ ಆರಂಭಿಸಬಹುದು, ಅದರ ಬೆಲೆ ತೀರಾ ಕಡಿಮೆ. ಬೀದರ್ ಕೋಟೆಯೊಳಗಿನ ರಂಗೀನ ಮಹಲ್‌ನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿಗೂ ಇದೇ ವಿಧಾನ ಅನ್ವಯಿಸುತ್ತದೆ.

ಕೊಳ್ಳುವ ಮುನ್ನ ಬಾಡಿಗೆ

ಇಷ್ಟಾದ ಮೇಲೂ ಡ್ರೋನ್ ಬೇಕೆನಿಸಿದರೆ, ಒಂದು ಹಂಗಾಮಿನ ಮಟ್ಟಿಗೆ ಪ್ರಮಾಣಪತ್ರವಿರುವ ಪೈಲಟ್‌ನನ್ನೇ ಡ್ರೋನ್ ಸಮೇತ ಬಾಡಿಗೆಗೆ ಕರೆಸಿ. ಗ್ರಾಹಕರು ಆ ಚಿತ್ರಗಳಿಗೆ ಪ್ರತ್ಯೇಕವಾಗಿ ಹಣ ಕೊಡುತ್ತಾರೆಯೇ, ನಿಮ್ಮ ಆಲ್ಬಮ್‌ನಲ್ಲಿ ಎಷ್ಟು ಉಳಿಯುತ್ತವೆ ಎಂದು ಆಗ ತಿಳಿಯುತ್ತದೆ. ಜಾತ್ರೆ, ರಥೋತ್ಸವದಲ್ಲಿ ಪೊಲೀಸರ ಒಪ್ಪಿಗೆ ಇಲ್ಲದೆ ಹಾರಿಸುವವರನ್ನು ಕರೆಯಬೇಡಿ. ಜನರ ನೆತ್ತಿಯ ಮೇಲೆ ರೆಕ್ಕೆ ತಿರುಗುವ ಯಂತ್ರವನ್ನು ನಿಲ್ಲಿಸುವುದು ಸರಿಯಲ್ಲ.

ಲೆನ್ಸ್ ಎಂದು ತೀರ್ಮಾನವಾದರೆ ನಿಮ್ಮ ಕ್ಯಾಮೆರಾದ ಮೌಂಟ್ (ಲೆನ್ಸ್ ಕೂರುವ ಬಾಯಿಯ ಮಾದರಿ) ಖಚಿತಪಡಿಸಿಕೊಳ್ಳಿ. ಕ್ಯಾನನ್‌ನ ಹಳೆಯ ಇಎಫ್ ಲೆನ್ಸ್‌ಗಳನ್ನು ಹೊಸ ಆರ್‌ಎಫ್ ಕ್ಯಾಮೆರಾಗಳಿಗೂ, ನಿಕಾನ್‌ನ ಎಫ್ ಮೌಂಟ್ ಲೆನ್ಸ್‌ಗಳನ್ನು ಝಡ್ ಕ್ಯಾಮೆರಾಗಳಿಗೂ ಅಡಾಪ್ಟರ್ ಮೂಲಕ ಬಳಸಬಹುದು. ಆದ್ದರಿಂದ ಬಳಸಿದ ಹಳೆಯ ಲೆನ್ಸ್ ಜಾಣತನದ ಖರೀದಿ. ಅಂಗಡಿಯಲ್ಲಿ ಎರಡೂ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಹಿಂಬದಿಯಿಂದ ಹಿಡಿಯಿರಿ. ಒಳಗೆ ಜೇಡರ ಬಲೆಯಂತೆ ಹರಡಿದ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು, ಅಂಥದ್ದು ಬೇಡ. ಒಂದೆರಡು ಧೂಳಿನ ಕಣಗಳಿಗೆ ಚಿಂತಿಸಬೇಕಿಲ್ಲ. ಫೋಕಸ್ ಉಂಗುರ ತಿರುಗಿಸಿದಾಗ ಕರಕರ ಎಂದರೆ ಮರಳು ಒಳಗೆ ಸೇರಿದೆ ಎಂದರ್ಥ. ನಿಮ್ಮ ಕ್ಯಾಮೆರಾಕ್ಕೆ ಹಾಕಿ, ಅಂಗಡಿಯ ಎದುರಿನ ನಾಮಫಲಕವೊಂದನ್ನು ಅಪರ್ಚರ್ ಪೂರ್ತಿ ತೆರೆದು ಕ್ಲಿಕ್ಕಿಸಿ, ನಾಲ್ಕೂ ಮೂಲೆಯ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಆ ಲೆನ್ಸ್ ಕೆಳಗೆ ಬಿದ್ದಿರುವ ಸಾಧ್ಯತೆ ಹೆಚ್ಚು. ಅದನ್ನು ವಾಪಸ್ ಕೊಟ್ಟು ಇನ್ನೊಂದನ್ನು ಕೇಳಿ.